ಸಹಾಯ ಬೇಕು: ರ‍್ಯಾಕೆಟ್ ಕೋಡ್‌ಗೆ ಸಿಟ್ಯಾಗ್ಸ್ ಹೊಂದಿಸುವುದು

ನಮಸ್ಕಾರ. ದಾವಣಗೆರೆಯಲ್ಲಿ ನಾವು ಕೆಲವು ಗೆಳೆಯರು ಸೇರಿ ಅಡಿಕೆ ಮಂಡಿಯ ಲೆಕ್ಕಕ್ಕೆ ಪ್ರೋಗ್ರಾಮಿಂಗ್ ಭಾಷೆಯಾದ ರ‍್ಯಾಕೆಟ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇವೆ. ಫೈಲ್‌ಗಳು ಜಾಸ್ತಿಯಾಗಿವೆ. ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತಿದೆ.

ವಿಮ್ ಎಡಿಟರ್ ಜೊತೆ ಯೂನಿವರ್ಸಲ್ ಸಿಟ್ಯಾಗ್ಸ್ (ಕೋಡ್‌ನ ಯಾವ ಹೆಸರು ಎಲ್ಲಿದೆ ಅಂತ ‘ಟ್ಯಾಗ್ಸ್’ ಫೈಲ್‌ನಲ್ಲಿ ಪಟ್ಟಿ ಮಾಡುವ ಟೂಲ್) ಬಳಸುತ್ತಿದ್ದೇವೆ. ಯಾವ ಫೈಲ್ ಯಾವ ಭಾಷೆಯದು ಅಂತ ಹೇಳುವ ಅದರ ಲ್ಯಾಂಗ್‌ಮ್ಯಾಪ್‌ನಲ್ಲಿ ನಮ್ಮ ಡಾಟ್ ಆರ್‌ಕೆಟಿ ಫೈಲ್‌ಗಳನ್ನು ಇದೇ ಥರದ ಭಾಷೆಯಾದ ಸ್ಕೀಮ್‌ಗೆ ಸೇರಿಸಿದೆವು. ಡಿಫೈನ್ ಅಂತ ಬರೆದು ಹೆಸರಿಟ್ಟದ್ದೆಲ್ಲ ಚೆನ್ನಾಗಿ ಸಿಗುತ್ತಿದೆ. ‘ಚೀಲ-ತೂಕ’ ಥರದ ಹೆಸರು ಅರ್ಧಕ್ಕೇ ತುಂಡಾಗುತ್ತಿತ್ತು. ಹೆಸರಿನಲ್ಲಿ ಯಾವ ಅಕ್ಷರ ಬರಬಹುದು ಅಂತ ಹೇಳುವ ವಿಮ್‌ನ ಇಸ್‌ಕೀವರ್ಡ್‌ಗೆ ಹೈಫನ್ ಸೇರಿಸಿದ ಮೇಲೆ ಅದೂ ಸರಿಹೋಯಿತು.

ತೊಡಕಿರುವುದು ಸ್ಟ್ರಕ್ಟ್‌ನಲ್ಲಿ (ಹಲವು ಮಾಹಿತಿಯನ್ನು ಒಟ್ಟಿಗಿಡುವ ರಚನೆ). ‘ರೈತ’ ಅಂತ ಸ್ಟ್ರಕ್ಟ್ ಮಾಡಿ ಒಳಗೆ ‘ಊರು’ ಇಟ್ಟರೆ ‘ರೈತ-ಊರು’ ಫಂಕ್ಷನ್ ತಾನಾಗಿ ಹುಟ್ಟುತ್ತದೆ. ಡಿಫೈನ್ ಮಾಡುವ ಸಾಲಿನಲ್ಲಿ ಆ ಹೆಸರೇ ಇರುವುದಿಲ್ಲ, ಅಲ್ವಾ? ಸ್ಟ್ರಕ್ಟ್ ಹೆಸರಿಗೇನೋ ಒಂದು ರೆಜೆಕ್ಸ್ (ಹುಡುಕುವ ಮಾದರಿ) ಸಾಕು. ಈ ಹುಟ್ಟಿದ ಹೆಸರುಗಳನ್ನು ಟ್ಯಾಗ್ಸ್ ಫೈಲ್‌ಗೆ ತರುವುದು ಹೇಗೆ? ಯಾರಾದರೂ ಮಾಡಿದ್ದರೆ ನಿಮ್ಮ ಕಾನ್ಫಿಗ್ ಫೈಲ್ ದಯವಿಟ್ಟು ಹಂಚಿಕೊಳ್ಳಿ.