ಸಹಾಯ ಬೇಕು: ಏಕರೂಪ ನಿರಂತರತೆಯ (ಯೂನಿಫಾರ್ಮ್ ಕಂಟಿನ್ಯುಯಿಟಿ) ಸಾಧನೆಗಳಲ್ಲಿ (ಪ್ರೂಫ್) ಸಿಕ್ಕಿಹಾಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ಶುದ್ಧ ಗಣಿತದಲ್ಲಿ ಪದವಿ ಓದುತ್ತಿದ್ದೇನೆ, ಎರಡನೆಯ ವರ್ಷ. ಲೆಕ್ಕ ಮಾಡುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ. ರಿಯಲ್ ಅನಾಲಿಸಿಸ್ (ನಿರಂತರತೆಯಂತಹ ವಿಷಯಗಳನ್ನು ಕಟ್ಟುನಿಟ್ಟಾಗಿ ಸಾಧಿಸುವ ಪಾಠ) ಶುರುವಾದ ಮೇಲೆ ಆ ಜಂಭ ಇಳಿದಿದೆ.

ಎಕ್ಸ್ ವರ್ಗ ಎಂಬ ಫಂಕ್ಷನ್ ಇಡೀ ವಾಸ್ತವ ಸಂಖ್ಯಾರೇಖೆಯ ಮೇಲೆ ನಿರಂತರ, ಆದರೆ ಏಕರೂಪವಾಗಿ ನಿರಂತರವಲ್ಲ. ಏಕೆಂದು ಗೊತ್ತು: ಬಿಂದು ದೂರ ಹೋದಷ್ಟೂ ವಕ್ರರೇಖೆ ಕಡಿದಾಗುತ್ತದೆ, ಒಂದೇ ಡೆಲ್ಟಾ (ಎರಡು ಬಿಂದುಗಳು ಎಷ್ಟು ಹತ್ತಿರ ಇರಬೇಕೆಂಬ ಮಿತಿ) ಎಲ್ಲ ಕಡೆಗೂ ಸಾಲುವುದಿಲ್ಲ. ಚಿತ್ರ ಬರೆದು ತೋರಿಸಬಲ್ಲೆ. ಸಾಧನೆ ಬರೆಯಲು ಕುಳಿತರೆ ಮಾತ್ರ ಹಾಳೆ ಖಾಲಿ.

ಪುಸ್ತಕದಲ್ಲಿ ಎಪ್ಸಿಲಾನ್ (ಫಂಕ್ಷನ್ ಬೆಲೆಗಳ ವ್ಯತ್ಯಾಸ ಮೀರಬಾರದ ಮಿತಿ) 1 ಎಂದಿಟ್ಟು, 1/ಡೆಲ್ಟಾ ಮತ್ತು 1/ಡೆಲ್ಟಾ + ಡೆಲ್ಟಾ/2 ಎಂಬ ಎರಡು ಬಿಂದುಗಳನ್ನು ಥಟ್ಟನೆ ತೆಗೆದುಕೊಳ್ಳುತ್ತಾರೆ. ವರ್ಗಗಳ ವ್ಯತ್ಯಾಸ 1ಕ್ಕಿಂತ ಹೆಚ್ಚು ಬರುತ್ತದೆ, ಸಾಧನೆ ಮುಗಿಯುತ್ತದೆ. ಮೂರು ಬಾರಿ ನಕಲು ಮಾಡಿದೆ, ಪ್ರತಿ ಸಾಲೂ ಅರ್ಥವಾಯಿತು. ಎಕ್ಸ್ ಘನಕ್ಕೆ ನಾನೇ ಮಾಡಲು ಹೋದಾಗ ಯಾವ ಬಿಂದು ಹಿಡಿಯಬೇಕೆಂದೇ ತೋಚಲಿಲ್ಲ. ಮೇಷ್ಟ್ರನ್ನು ಕೇಳಿದರೆ "ಅಭ್ಯಾಸ ಮಾಡು, ಬರುತ್ತದೆ" ಎಂದರು. ಯಾವುದನ್ನು ಅಭ್ಯಾಸ ಮಾಡಬೇಕು ಎಂಬುದೇ ನನ್ನ ಗೋಳು.

ನನ್ನ ಪ್ರಶ್ನೆ ಇಷ್ಟೇ: ಇಂತಹ ಬಿಂದುಗಳನ್ನು ನೀವು ಕಚ್ಚಾ ಹಾಳೆಯಲ್ಲಿ ಹೇಗೆ ಹುಡುಕುತ್ತೀರಿ? ಬೇಕಾದ ಅಸಮಾನತೆಯಿಂದ ಹಿಂದಕ್ಕೆ ಬರುತ್ತೀರಾ? ಎಕ್ಸ್ ಘನವನ್ನೇ ಉದಾಹರಣೆಯಾಗಿಟ್ಟು, ಹೊಡೆದುಹಾಕಿದ ಸಾಲುಗಳನ್ನೂ ಸೇರಿಸಿ ತೋರಿಸುತ್ತೀರಾ?