ಕಾಲೇಜು ಪಿ.ಇ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆದಮೇಲೆ ಮುಂದೆ ದಾರಿ ಇದೆಯಾ? ದಾವಣಗೆರೆ, ದುರ್ಗದ ಕಡೆಯವರು ದಯವಿಟ್ಟು ಹೇಳಿ

ಹರಿಹರದ ಕಬಡ್ಡಿ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಊರು ಹರಿಹರದ ಹತ್ತಿರ. ದಾವಣಗೆರೆಯಲ್ಲಿ ಡಿಗ್ರಿ ಓದುವಾಗ ಮೂರು ವರ್ಷವೂ ಕಾಲೇಜು ಕಬಡ್ಡಿ ಟೀಮ್‌ನಲ್ಲಿದ್ದೆ. ಕೊನೇ ವರ್ಷ ಯೂನಿವರ್ಸಿಟಿ ಟೀಮ್‌ಗೂ ಆಡಿದೆ. ಆಮೇಲೆ ದೈಹಿಕ ಶಿಕ್ಷಣದಲ್ಲಿ ಬಿ.ಪಿ.ಎಡ್. ಪದವಿ, ಎಂ.ಪಿ.ಎಡ್. ಸ್ನಾತಕೋತ್ತರ ಪದವಿ ಮುಗಿಸಿದೆ. ಎಂ.ಪಿ.ಎಡ್.ನಲ್ಲಿ 61 ಪರ್ಸೆಂಟ್ ಬಂತು. ಈಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು.

ಅಪ್ಪ ಭದ್ರಾ ನಾಲೆ ನೀರಿನಲ್ಲಿ ಎರಡು ಎಕರೆ ಭತ್ತ ಮಾಡುತ್ತಾರೆ. "ಸೀಟಿ ಊದಿಕೊಂಡು ಎಷ್ಟು ದಿನ ಇರ್ತೀಯ?" ಅಂತ ದಿನಾ ಕೇಳುತ್ತಾರೆ. ಅವರಿಗೆ ಏನು ಉತ್ತರ ಕೊಡಬೇಕೋ ನನಗೂ ಗೊತ್ತಿಲ್ಲ.

ನನಗೆ ಬರೀ ಕೋಚ್ ಆಗುವ ಆಸೆ ಇಲ್ಲ. ಯಾವ ಟೀಮ್ ಎಲ್ಲಿಗೆ ಹೋಗಬೇಕು, ಯಾವ ಆಟಕ್ಕೆ ಎಷ್ಟು ದುಡ್ಡು, ಪಂದ್ಯಾವಳಿ ಹೇಗೆ ನಡೆಯಬೇಕು ಅಂತ ನೋಡಿಕೊಳ್ಳುವವರು ಇರುತ್ತಾರಲ್ಲ, ಆ ಕೆಲಸ ಬೇಕು. ಅಲ್ಲಿಗೆ ಹೋದವರು ಹೇಗೆ ಹೋದರು? ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ ಅಂತ ಸೇರಿದರೆ ರಿಟೈರ್ ಆಗುವವರೆಗೂ ಅಷ್ಟೇನಾ? ಅಮೆರಿಕಾದಲ್ಲಿ ಇದು ಬಹಳ ದೊಡ್ಡ ಹುದ್ದೆ ಅಂತ ಕೇಳಿದ್ದೇನೆ. ನಮ್ಮಲ್ಲಿ ಹೇಗೆ?

ದುರ್ಗದ ಪಿ.ಇ. ಮೇಡಂ

ಮೊದಲು ಅರ್ಹತೆ ಹೇಳಿಬಿಡುತ್ತೇನೆ, ಯಾಕಂದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಯು.ಜಿ.ಸಿ.ಯ 2018ರ ನಿಯಮದ ಪ್ರಕಾರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಎಂ.ಪಿ.ಎಡ್.ನಲ್ಲಿ 55 ಪರ್ಸೆಂಟ್ ಬೇಕು. ಅದು ನಿಮಗಿದೆ. ಅದರ ಜೊತೆ ಅರ್ಹತಾ ಪರೀಕ್ಷೆ, ಅಂದರೆ ದೇಶ ಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾಗಿರಬೇಕು. ನೆಟ್‌ನಲ್ಲಿ ನಮ್ಮ ವಿಷಯದ ಕೋಡ್ 47. ಎರಡೂ ಪೇಪರ್ ಸೇರಿ 150 ಪ್ರಶ್ನೆ, ಮೂರು ಗಂಟೆ. ಕೆ-ಸೆಟ್ ಮೊದಲು ಮೈಸೂರು ವಿಶ್ವವಿದ್ಯಾಲಯ ಮಾಡುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆ.ಇ.ಎ.) ಮಾಡುತ್ತದೆ. ಕಾಲೇಜಿಗೋ ಯೂನಿವರ್ಸಿಟಿಗೋ ಆಡಿದ ದಾಖಲೆಯನ್ನೂ ಕೇಳುತ್ತಾರೆ. ನೀವು ಆಡಿದ ಸರ್ಟಿಫಿಕೇಟ್ ಎಲ್ಲಿದೆ ಅಂತ ಇವತ್ತೇ ಹುಡುಕಿ. ಟ್ರಂಕಿನಲ್ಲಿ ಇಟ್ಟು ಗೆದ್ದಲು ಹಿಡಿಸಿದವರನ್ನು ನೋಡಿದ್ದೇನೆ.

ಇನ್ನೊಂದು, ಓಟದ ಪರೀಕ್ಷೆ ಇದೆ. ಗಂಡಸರು 30 ವರ್ಷದವರೆಗೆ 12 ನಿಮಿಷದಲ್ಲಿ 1800 ಮೀಟರ್ ಮುಗಿಸಬೇಕು, ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕೂವರೆ ಸುತ್ತು. 40 ವರ್ಷದವರೆಗೆ 1500. ನಮಗೆ ಹೆಂಗಸರಿಗೆ ಎಂಟು ನಿಮಿಷ, 30 ವರ್ಷದವರೆಗೆ 1000 ಮೀಟರ್. ನಾನು ನಮ್ಮ ಓಬವ್ವ ಸ್ಟೇಡಿಯಂನಲ್ಲಿ ಎರಡು ತಿಂಗಳು ಬೆಳಿಗ್ಗೆ ಐದೂವರೆಗೆ ಹೋಗಿ ಓಡಿದ್ದೆ. ಆಗ ಮಗಳಿಗೆ ಒಂದು ವರ್ಷ. ಅಮ್ಮ ಅವಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಮುಂದಿನ ದಾರಿ ಕೇಳಿದಿರಿ. ಖಾಯಂ ಆದರೆ ಉಪನ್ಯಾಸಕರ ಹಾಗೇ ವೇತನ ಶ್ರೇಣಿಯ ಲೆವೆಲ್ 10ರಿಂದ ಶುರು, ಮೂಲ ವೇತನ 57,700. ಕಾಲೇಜಿನಲ್ಲೇ ಇದ್ದರೂ ಮೇಲಿನ ಲೆವೆಲ್‌ಗಳಿಗೆ ಬಡ್ತಿ ಇದೆ. ಯೂನಿವರ್ಸಿಟಿಯಲ್ಲಿ ಸಹಾಯಕ ನಿರ್ದೇಶಕ, ಉಪ ನಿರ್ದೇಶಕ, ನಿರ್ದೇಶಕ ಅಂತ ಮೆಟ್ಟಿಲಿದೆ. ನಿರ್ದೇಶಕರದು ಲೆವೆಲ್ 14. ಅದಕ್ಕೆ ಪಿಎಚ್.ಡಿ. ಮತ್ತು ಹತ್ತು ವರ್ಷದ ಅನುಭವ ಬೇಕು. ಆ ಹತ್ತು ವರ್ಷವನ್ನು ಕಾಲೇಜು ಪಿ.ಇ.ಡಿ. ಆಗಿ ಕಳೆದಿದ್ದರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ "ಅಷ್ಟೇನಾ" ಅಂದುಕೊಳ್ಳಬೇಡಿ. ಕೋಚ್ ಆಗಬೇಕಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್.ಐ.ಎಸ್.) ಡಿಪ್ಲೊಮಾ, ಅದು ಬೇರೆ ದಾರಿ. ಎರಡನ್ನೂ ಕಲಸಿಕೊಂಡು ವರ್ಷ ಕಳೆಯಬೇಡಿ.

ನಿವೃತ್ತ ಪಿ.ಇ.ಡಿ., ದಾವಣಗೆರೆ

ತಮ್ಮಾ, ಮೇಡಂ ಹೇಳಿದ್ದು ಸರಿ. ಅದು ಬಾಗಿಲು. ಒಳಗೆ ಏನಿದೆ ಅಂತ ನಾನು ಹೇಳುತ್ತೇನೆ.

ನಾನು 1990ರಲ್ಲಿ ಸೇರಿದೆ, 2021ರಲ್ಲಿ ನಿವೃತ್ತನಾದೆ. ಸೇರಿದಾಗ ನಮ್ಮ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಒಂದು ಎಂಟ್ರಿ ಫಾರಂ ಕೊಡಬೇಕಾದರೂ ಬಸ್ಸು ಹತ್ತಿ ಅದರ ಕ್ಯಾಂಪಸ್ ಇರುವ ಶಂಕರಘಟ್ಟಕ್ಕೆ ಹೋಗಬೇಕಿತ್ತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಯಿತು, ಅದರ ಕ್ಯಾಂಪಸ್ ಇರುವ ತೋಳಹುಣಸೆ ನಮಗೆ ಹತ್ತಿರ. ದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಮಕ್ಕಳಿಗೆ ನಮ್ಮದೇ ಯೂನಿವರ್ಸಿಟಿ ಟೀಮ್ ಸಿಕ್ಕಿತು. ಮೊದಲು ಶಿವಮೊಗ್ಗ, ಚಿಕ್ಕಮಗಳೂರು ಮಕ್ಕಳ ಜೊತೆ ಪೈಪೋಟಿ ಮಾಡಿ ಹನ್ನೆರಡರಲ್ಲಿ ಒಬ್ಬರಾಗಬೇಕಿತ್ತು. ಹೊಸ ಯೂನಿವರ್ಸಿಟಿ ಅಂದರೆ ಹಳ್ಳಿ ಹುಡುಗಿಯರಿಗೆ ಹೆಚ್ಚು ಜಾಗ. ನನ್ನ ಸರ್ವಿಸ್‌ನಲ್ಲಿ ಅಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಒಂದು ವರ್ಷ ನಮ್ಮ ಕಾಲೇಜಿಗೆ ಅಂತರ ಕಾಲೇಜು ಕಬಡ್ಡಿ ಬಂತು. ಬೆಳಿಗ್ಗೆ ನಾನೇ ಸುಣ್ಣ ಹಾಕಿದೆ. ಗಂಡುಮಕ್ಕಳ ಕೋರ್ಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಳತೆ ಸರಿಯಾಗಿಯೇ ಹಿಡಿದಿದ್ದೆ. ಆದರೂ ಒಂದು ಟೀಮ್ ಕೋರ್ಟ್ ಸೊಟ್ಟ ಇದೆ ಅಂತ ತಕರಾರು ತೆಗೆದು ಹೊರಗೆ ನಿಂತುಬಿಟ್ಟಿತು. ನೋಡಿದರೆ ನಿಜ. ನಾಲ್ಕೂ ಬದಿ ಸರಿ, ಮೂಲೆ ಮಾತ್ರ ಸರಿಯಿಲ್ಲ. ಬೇರೆ ಕಾಲೇಜಿನ ಹಿರಿಯರೊಬ್ಬರು ಬಂದು ಟೇಪ್ ಕೈಗೆ ತೆಗೆದುಕೊಂಡರು. ಈ ಮೂಲೆಯಿಂದ ಆ ಮೂಲೆಗೆ ಎಳೆದರು. "16 ಮೀಟರ್ 40 ಸೆಂಟಿಮೀಟರ್ ಬರಬೇಕು. ಎರಡೂ ಕಡೆ ಬಂದರೆ ಕೋರ್ಟು, ಇಲ್ಲದಿದ್ದರೆ ಹೊಲ" ಅಂದರು. ಹೆಣ್ಣುಮಕ್ಕಳ ಕೋರ್ಟ್ 12ಕ್ಕೆ 8. ಅದಕ್ಕೆ 14 ಮೀಟರ್ 42. ಆಮೇಲೆ ಪ್ರತಿ ವರ್ಷ ಈ ಎರಡು ಸಂಖ್ಯೆ ನನ್ನ ಡೈರಿಯ ಮೊದಲ ಪುಟದಲ್ಲಿದ್ದವು.

ಮಧ್ಯಾಹ್ನ ಅವರೇ ಡ್ರಾ ಹಾಕುವುದನ್ನೂ ತೋರಿಸಿದರು. 13 ಟೀಮ್ ಬಂದಿದ್ದವು. ನಾಕೌಟ್ ಡ್ರಾ 2, 4, 8, 16 ಅಂತ ಹೋಗುತ್ತದೆ. ಹದಿನಾರರಲ್ಲಿ ಹದಿಮೂರು ಕಳೆದರೆ ಮೂರು ಬೈ, ಅಂದರೆ ಮೂರು ಟೀಮ್ ಮೊದಲ ಸುತ್ತು ಆಡದೆಯೇ ಮುಂದಕ್ಕೆ. ನಾಕೌಟ್ ಆದರೆ 12 ಮ್ಯಾಚಿನಲ್ಲಿ ಮುಗಿಯುತ್ತದೆ. ಅದೇ 13 ಟೀಮಿಗೆ ಲೀಗ್ ಇಟ್ಟರೆ 78 ಮ್ಯಾಚ್. ಎಷ್ಟು ದಿನ, ಎಷ್ಟು ಊಟ, ಎಷ್ಟು ಅಂಪೈರ್, ಎಲ್ಲಾ ಆ ಒಂದು ನಿರ್ಧಾರದಲ್ಲೇ ಇದೆ. ನೀನು "ದುಡ್ಡು ಯಾರು ನೋಡುತ್ತಾರೆ" ಅಂತ ಕೇಳಿದೆಯಲ್ಲ, ಅದು ಇಲ್ಲಿಂದಲೇ ಶುರು.

ಈಗ ನಾನು ಇವತ್ತಿಗೂ ಮರೆಯದ ಒಂದು ವಿಷಯ. ನಮ್ಮ ಕಾಲೇಜಿನಲ್ಲಿ ಒಬ್ಬಳು ಹುಡುಗಿ ಇದ್ದಳು, 800 ಮೀಟರ್ ಓಡುತ್ತಿದ್ದಳು. ಜಗಳೂರು ಕಡೆಯವಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಹೈಸ್ಕೂಲ್ ಮೈದಾನದಲ್ಲಿ ಓಡಿ, ತೊಯ್ದ ಬಟ್ಟೆ ಬದಲಿಸಿ ಕ್ಲಾಸಿಗೆ ಹೋಗುತ್ತಿದ್ದಳು. ಕೊನೇ ವರ್ಷ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆಯ್ಕೆಯಾದಳು. ಅಲ್ಲಿ ಪತ್ರ ಪರಿಶೀಲಿಸುವ ಮೇಜಿನ ಮುಂದೆ ನಿಂತಾಗ ಫಾರಂನಲ್ಲಿದ್ದ ಹುಟ್ಟಿದ ತಾರೀಖಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೊಂದಲಿಲ್ಲ. ಕಾಲೇಜು ರಿಜಿಸ್ಟರ್‌ನಲ್ಲಿ 3 ಅಂತ ಇದ್ದದ್ದನ್ನು ನಾನು ನೋಡದೆ ಹಾಗೇ ನಕಲು ಮಾಡಿದ್ದೆ. ಅಂಕಪಟ್ಟಿಯಲ್ಲಿ 8. ವಯಸ್ಸು ಮೀರಿರಲಿಲ್ಲ. ತಪ್ಪು ನನ್ನದು. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಅವಳು ಸ್ಪೈಕ್ ಹಾಕಿಕೊಂಡೇ ನಿಂತಿದ್ದಳು. "ಇರಲಿ ಬಿಡಿ ಸರ್" ಅಂತ ಬಗ್ಗಿ ಲೇಸ್ ಬಿಚ್ಚಿದಳು. ವಾಪಸ್ ಬರುವ ರೈಲಿನಲ್ಲಿ ನನಗೆ ಅವಳ ಮುಖ ನೋಡಲಾಗಲಿಲ್ಲ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅಡ್ಮಿಷನ್ ಮುಗಿದ ವಾರವೇ ಆಡುವ ಪ್ರತಿ ಮಗುವಿಗೂ ಒಂದು ಫೈಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಫೀ ರಸೀದಿ, ಆರು ಫೋಟೋ. ಮೂರೂ ಕಡೆ ಹೆಸರಿನ ಇನಿಷಿಯಲ್ ಒಂದೇ ಇದೆಯಾ ಅಂತ ಮಗುವಿನ ಎದುರಿಗೇ ಓದಿ ನೋಡುವುದು. ಕ್ರಮೇಣ ಬೇರೆ ಕಾಲೇಜಿನವರೂ ಫಾರಂ ಕಳಿಸುವ ಮೊದಲು ನನ್ನ ಹತ್ತಿರ ತೋರಿಸಲು ಬಂದರು. ಆಮೇಲೆ ಆಯ್ಕೆ ಸಮಿತಿಗೆ ಕರೆದರು. ಟೀಮ್ ಮ್ಯಾನೇಜರ್ ಮಾಡಿದರು. ಸಂಘಟನಾ ಕಾರ್ಯದರ್ಶಿ ಮಾಡಿದರು. ನಾನು ಯಾರ ಹತ್ತಿರವೂ ಹುದ್ದೆ ಕೇಳಿಕೊಂಡು ಹೋಗಲಿಲ್ಲ. ಕಾಗದ ಸರಿ ಇಡುವವನು ಅಂತ ಹೆಸರಾಯಿತು, ಕೆಲಸ ತಾನಾಗಿ ಬಂತು. ನಾನು ನೋಡಿದ ಒಳ್ಳೆಯ ಕ್ರೀಡಾ ನಿರ್ದೇಶಕರೆಲ್ಲಾ ಹೀಗೇ ಮೇಲೆ ಬಂದವರು. ಕೆಲವರು ರಾಜ್ಯ ಮಟ್ಟದ ಆಟಗಾರರು, ಕೆಲವರು ಕಾಲೇಜು ದಾಟಿ ಆಡಿದವರೇ ಅಲ್ಲ. ಮಕ್ಕಳ ಕಾಗದ, ಮಕ್ಕಳ ಊಟ, ಮಕ್ಕಳ ಮಲಗುವ ಜಾಗ, ಈ ಮೂರರಲ್ಲಿ ಮಾತ್ರ ಯಾರೂ ಕೈ ಬಿಟ್ಟವರಲ್ಲ.

ಪ್ರಿನ್ಸಿಪಾಲರ ಕೋಣೆಯೂ ಒಂದು ಅಂಗಳ ಅಂತ ತಿಳಿದುಕೋ. ಸುಮ್ನೆ "ದುಡ್ಡು ಕೊಡಿ" ಅಂದರೆ ಯಾರೂ ಕೊಡುವುದಿಲ್ಲ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ಐದನೇ ಮಾನದಂಡದಲ್ಲಿ ಕ್ರೀಡೆಯ ಪದಕಗಳನ್ನು ಕೇಳುತ್ತಿದ್ದರು. ನಾನು ವರ್ಷವಿಡೀ ಸರ್ಟಿಫಿಕೇಟ್ ಜೆರಾಕ್ಸ್ ಫೈಲ್ ಮಾಡಿಟ್ಟು, ಅದನ್ನು ಮೇಜಿನ ಮೇಲಿಟ್ಟು, ಆಮೇಲೆ ಮೊಟ್ಟೆ ಬಾಳೆಹಣ್ಣಿನ ಬಿಲ್ ಇಡುತ್ತಿದ್ದೆ. ಸಹಿ ಬೀಳುತ್ತಿತ್ತು.

ಒಂದು ಬೇಜಾರಿನ ಮಾತೂ ಹೇಳಬೇಕು. ನಾನು ಕಂಡ ಹಾಗೆ ಎಷ್ಟೋ ಕಡೆ ನಿರ್ದೇಶಕರ ಕುರ್ಚಿ ಖಾಲಿ ಇರುತ್ತದೆ. ಬೇರೆ ವಿಭಾಗದ ಪ್ರೊಫೆಸರಿಗೆ ಪ್ರಭಾರ ಕೊಟ್ಟಿರುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಹನ್ನೆರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಗೊತ್ತಿಲ್ಲದ ಸ್ಟೇಷನ್‌ನಲ್ಲಿ ಇಳಿದವರು ಮಾಡುವ ಯೋಜನೆಯೇ ಬೇರೆ. ನಿನ್ನಂಥವರು ಪಿಎಚ್.ಡಿ. ಮಾಡಿ ಅರ್ಜಿ ಹಾಕದಿದ್ದರೆ ಆ ಕುರ್ಚಿ ಹಾಗೇ ಇರುತ್ತದೆ.

ಮೂಲ ದಾವಣಗೆರೆ, ಈಗ ಓಹಾಯೋ

ಅಮೆರಿಕಾದ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನಿರುವ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಇದೆ. ಅವರ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂನಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಒಟ್ಟು 36 ಕ್ರೀಡಾ ತಂಡಗಳು. ಇಷ್ಟನ್ನೂ ನೋಡಿಕೊಳ್ಳುವವರು ಅಥ್ಲೆಟಿಕ್ ಡೈರೆಕ್ಟರ್. 2005ರಿಂದ 2024ರವರೆಗೆ ಜೀನ್ ಸ್ಮಿತ್ ಅನ್ನುವವರಿದ್ದರು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರು, ಸ್ವಲ್ಪ ಕಾಲ ಕೋಚ್ ಆಗಿದ್ದರು, ಐ.ಬಿ.ಎಂ.ನಲ್ಲೂ ಕೆಲಸ ಮಾಡಿದ್ದರು. ಆಮೇಲೆ ಈಸ್ಟರ್ನ್ ಮಿಷಿಗನ್, ಅಯೋವಾ ಸ್ಟೇಟ್, ಅರಿಜೋನಾ ಸ್ಟೇಟ್ ಮೂರೂ ಕಡೆ ನಿರ್ದೇಶಕರಾಗಿ ದುಡಿದು ಇಲ್ಲಿಗೆ ಬಂದರು. ವರ್ಜೀನಿಯಾ ಯೂನಿವರ್ಸಿಟಿಯ ಕಾರ್ಲಾ ವಿಲಿಯಮ್ಸ್ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ಆಮೇಲೆ ಸಹಾಯಕ ಕೋಚ್, ಆಮೇಲೆ ಪಿಎಚ್.ಡಿ., ಆಮೇಲೆ ಆಡಳಿತ. 2017ರಲ್ಲಿ ಅಲ್ಲಿಗೆ ನಿರ್ದೇಶಕಿಯಾದರು.

ಇಲ್ಲಿ ನಮ್ಮಲ್ಲಿಲ್ಲದ ದೊಡ್ಡ ಕೆಲಸ ಅಂದರೆ ದೇಣಿಗೆ ಎತ್ತುವುದು. 2025-26ರಿಂದ ಯೂನಿವರ್ಸಿಟಿಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಆ ಮೊದಲ ವರ್ಷದ ಮಿತಿ ಒಂದೊಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್. ಹಾಗಾಗಿ ದುಡ್ಡಿನ ಲೆಕ್ಕ ಬಲ್ಲವರಿಗೆ ಬೇಡಿಕೆ ಜಾಸ್ತಿ. ಆದರೂ ನಿವೃತ್ತ ಸರ್ ಬರೆದದ್ದು ಓದಿ ಆಶ್ಚರ್ಯವಾಯಿತು. ಇಲ್ಲೂ ಹುಡುಗ ಹುಡುಗಿಯರು ಮೊದಲು ಸೇರುವ ಜಾಗಗಳಲ್ಲಿ ಒಂದು ಕಂಪ್ಲಯನ್ಸ್ ಆಫೀಸ್. ಆಟಗಾರರ ಅಂಕಪಟ್ಟಿ, ಅರ್ಹತೆ ಸರಿ ಇದೆಯಾ ಅಂತ ನೋಡುವ ಜಾಗ. ಅಂದರೆ ಸರ್ ಅವರ ಆ ಫೈಲೇ.

ಹರಿಹರದ ಕಬಡ್ಡಿ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಆ ಜಗಳೂರಿನ ಹುಡುಗಿ ವಿಷಯ ಬಂದಾಗ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಸೀಟಿ ಮಾತು ಇವತ್ತು ಎತ್ತಲಿಲ್ಲ.

ಮೇಡಂ, ಇವತ್ತು ಬೆಳಿಗ್ಗೆ ದಾವಣಗೆರೆ ಸ್ಟೇಡಿಯಂಗೆ ಹೋಗಿ 12 ನಿಮಿಷ ಓಡಿದೆ. ಐದು ಸುತ್ತಿಗೆ ಇನ್ನೂರು ಮೀಟರ್ ಕಮ್ಮಿ. ಕೊನೇ ಅರ್ಧ ಸುತ್ತು ಬಹಳ ಕಷ್ಟ ಆಯಿತು. ಯೂನಿವರ್ಸಿಟಿ ಸರ್ಟಿಫಿಕೇಟ್ ಸಿಕ್ಕಿದೆ, ಆದರೆ ಅದರಲ್ಲಿ ನನ್ನ ಇನಿಷಿಯಲ್ ಒಂದೇ ಇದೆ, ಅಂಕಪಟ್ಟಿಯಲ್ಲಿ ಎರಡಿದೆ. ಏನು ಮಾಡಲಿ ಸರ್?

ನಿವೃತ್ತ ಪಿ.ಇ.ಡಿ., ದಾವಣಗೆರೆ

ನೋಡಿದೆಯಾ! ನಾಳೆಯೇ ನಿನ್ನ ಹಳೇ ಕಾಲೇಜಿಗೆ ಹೋಗು. ಎರಡೂ ಹೆಸರು ಒಬ್ಬನೇ ವ್ಯಕ್ತಿಯದು ಅಂತ ಪ್ರಿನ್ಸಿಪಾಲರಿಂದ ಪತ್ರ ಬರೆಸಿಕೊಂಡು ಸೀಲ್ ಹಾಕಿಸು. ಅದರ ಜೊತೆ ತಿದ್ದುಪಡಿಗೆ ಯೂನಿವರ್ಸಿಟಿ ಕ್ರೀಡಾ ವಿಭಾಗಕ್ಕೆ ಒಂದು ಅರ್ಜಿ ಕೊಡು. ಸ್ವೀಕೃತಿ ಸಹಿ ಇಲ್ಲದೆ ವಾಪಸ್ ಬರಬೇಡ.

ಭಾನುವಾರ ಒಂದು ಕಾಲೇಜಿನವರು ಕೋರ್ಟ್ ಹಾಕಿಕೊಡಿ ಅಂತ ನನ್ನನ್ನು ಕರೆದಿದ್ದಾರೆ. ಎರಡು ಕೋರ್ಟ್, ಗಂಡುಮಕ್ಕಳದೊಂದು, ಹೆಣ್ಣುಮಕ್ಕಳದೊಂದು. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಬೆಳಿಗ್ಗೆ ಆರಕ್ಕೆ ಬಾ. ಹಳೇ ಪ್ಯಾಂಟ್ ಹಾಕಿಕೊಂಡು ಬಾ, ಸುಣ್ಣ ಹಿಡಿಯುತ್ತದೆ.