ನ್ಯೂ ಮೆಟಲ್ ಅನ್ನು ಮೆಟಲ್ ಅಂತ ಒಪ್ಪಿಕೊಳ್ಳೋಕೆ ಏನಡ್ಡಿ?

ಹಳೇ_ಕ್ಯಾಸೆಟ್ ಕೇಳಿದ್ದು:

ನಾನು ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್, ಮೆಟಾಲಿಕಾ ಥರದ ಹೆವಿ ಮೆಟಲ್ ಬ್ಯಾಂಡ್‌ಗಳನ್ನು ಕೇಳಿಕೊಂಡು ಬೆಳೆದವನು. ಕಾಲೇಜಿನಲ್ಲಿ ನಮ್ಮ ಗುಂಪಿನಲ್ಲಿ ಯಾರಾದರೂ ಕಾರ್ನ್ ಅಥವಾ ಲಿಂಪ್ ಬಿಜ್ಕಿಟ್ ಥರದ ನ್ಯೂ ಮೆಟಲ್ (nu metal, ಅಂದರೆ 90ರ ದಶಕದಲ್ಲಿ ಬಂದ, ಮೆಟಲ್‌ಗೆ ರ‍್ಯಾಪ್ ಮುಂತಾದ್ದನ್ನು ಬೆರೆಸಿದ ಪ್ರಕಾರ) ಬ್ಯಾಂಡ್‌ಗಳ ಹೆಸರೆತ್ತಿದರೆ "ಅದು ಮೆಟಲ್ಲೇ ಅಲ್ಲ" ಅಂತ ಮಾತು ಮುಗಿಸಿಬಿಡುತ್ತಿದ್ದರು. ಈಗ ಕಾರ್ನ್‌ನ 1994ರ ಮೊದಲ ಆಲ್ಬಮ್ ಅನ್ನು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳುತ್ತಿದ್ದೇನೆ. ಮೊದಲ ಹಾಡು ಶುರುವಾಗೋದೇ ಸಿಂಬಲ್ ಮೇಲಿನ ಸಣ್ಣ ಸದ್ದಿನಿಂದ. ಆಮೇಲೆ ಒಂದು ಗಿಟಾರ್ ಬರುತ್ತದೆ, ಅದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ, ಬಾಸ್ ಗಿಟಾರ್ ಕಟಕಟ ಅನ್ನುತ್ತದೆ, ಗಾಯಕ ಜಾನಥನ್ ಡೇವಿಸ್ ಒಂದೇ ಒಂದು ಸಲ ಕೂಗಿದ ಮೇಲೆ ಎಲ್ಲವೂ ಒಟ್ಟಿಗೆ ಬಂದು ಅಪ್ಪಳಿಸುತ್ತದೆ. ಇಷ್ಟು ಭಾರ ಇರೋದು ಮೆಟಲ್ ಅಲ್ಲ ಅಂದರೆ ಮತ್ತೇನು?

ಮೆಟಲ್ ಬ್ಯಾಂಡ್‌ಗಳನ್ನು ಪಟ್ಟಿ ಮಾಡುವ ಎನ್‌ಸೈಕ್ಲೋಪೀಡಿಯಾ ಮೆಟಲಮ್ ಸೈಟಿನಲ್ಲಿ ಹುಡುಕಿದೆ. ಯಾರೂ ಹೆಸರು ಕೇಳಿರದ ಸಾವಿರಾರು ಡೆಮೊ ಬ್ಯಾಂಡ್‌ಗಳಿಗೆ ಅಲ್ಲಿ ಪುಟ ಇದೆ, ಕಾರ್ನ್‌ಗೆ ಇಲ್ಲ. ಥ್ರ್ಯಾಶ್, ಡೆತ್, ಡೂಮ್, ಬ್ಲ್ಯಾಕ್ ಅನ್ನೋ ಮೆಟಲ್‌ನ ಒಳಪ್ರಕಾರಗಳ ಪಕ್ಕದಲ್ಲಿ ನ್ಯೂ ಮೆಟಲ್‌ಗೂ ಜಾಗ ಇದೆಯಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಏಳನೇ_ತಂತಿ:

ಖಂಡಿತ ಇದೆ. ಜನ ಎಡವೋದು ಎಲ್ಲಿ ಅಂದರೆ, ಮೆಟಲ್ ಅಂದ ಕೂಡಲೇ ಲೀಡ್ ಗಿಟಾರ್ ಹುಡುಕುತ್ತಾರೆ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಸೋಲೋ. ಸೋಲೋ ಇಲ್ಲ, ವೇಗ ಇಲ್ಲ, ಹಾಗಾಗಿ ಮೆಟಲ್ ಅಲ್ಲ. ಆದರೆ ಭಾರ ಶುರುವಾಗಿದ್ದು ವೇಗದಿಂದಲ್ಲ. ಬರ್ಮಿಂಗ್‌ಹ್ಯಾಮ್‌ನ ಫ್ಯಾಕ್ಟರಿಯಲ್ಲಿ ಬೆರಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಮುಂದೆ ತಂತಿ ಸಡಿಲಿಸಿ, ಶ್ರುತಿ ಇಳಿಸಿ ನುಡಿಸಿದರು. ಸಬ್ಬತ್‌ನ 1971ರ ಆಲ್ಬಮ್ ಕೇಳಿದರೆ ಆ ದಪ್ಪ ಸದ್ದು ಗೊತ್ತಾಗುತ್ತದೆ. ಕಾರ್ನ್ ಅದೇ ದಾರಿಯಲ್ಲಿ ಇನ್ನಷ್ಟು ಕೆಳಗೆ ಇಳಿಯಿತು. ಅದರ ಗಿಟಾರ್ ವಾದಕರಾದ ಮಂಕಿ ಮತ್ತು ಹೆಡ್ ಇಬ್ಬರ ಕೈಯಲ್ಲೂ ಏಳು ತಂತಿಯ ಐಬನೆಜ್ ಗಿಟಾರ್. ಆ ಗಿಟಾರ್ ಮೊದಲು ಬಂದಿದ್ದು ಸ್ಟೀವ್ ವಾಯ್‌ಗಾಗಿ, ಅಂದರೆ ಸೋಲೋ ನುಡಿಸೋರಿಗೆ. ಇವರು ಅದರ ಕೆಳಗಿನ ತಂತಿಯನ್ನು ಇನ್ನೂ ಇಳಿಸಿ 'ಎ' ಸ್ವರಕ್ಕೆ ತಂದು ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ) ಹಚ್ಚಿದರು.

ಇನ್ನು ಕಾರ್ನ್‌ನ ಬಾಸ್ ವಾದಕ ಫೀಲ್ಡಿಯ ಬಾಸ್. ಸಾಮಾನ್ಯ ಮೆಟಲ್‌ನಲ್ಲಿ ಗಿಟಾರ್‌ನ ಹಿಂದೆ ಬಾಸ್ ಅಡಗಿರುತ್ತದೆ, ಅಲ್ವಾ? ಇಲ್ಲಿ ಗಿಟಾರ್ ಎರಡೂ ಕೆಳಗೆ ಹೋಗಿರುವುದರಿಂದ ಅಲ್ಲಿ ಬಾಸ್‌ಗೆ ಜಾಗವೇ ಇಲ್ಲ. ಹಾಗಾಗಿ ಫೀಲ್ಡಿ ಮಧ್ಯದ ಸದ್ದು ತೆಗೆದು, ಟ್ರೆಬಲ್ (ಮೇಲಿನ ತೀಕ್ಷ್ಣ ಸದ್ದು) ಏರಿಸಿ, ತಂತಿಯನ್ನು ಹೊಡೆದು ನುಡಿಸುತ್ತಾರೆ. ಅದು ಬಾಸ್‌ಗಿಂತ ಜಾಸ್ತಿ ತಾಳವಾದ್ಯದ ಹಾಗೆ ಕೇಳಿಸುತ್ತದೆ. ಇಡೀ ಬ್ಯಾಂಡೇ ಒಂದು ದೊಡ್ಡ ಡ್ರಮ್ ಸೆಟ್ ಆಗಿಬಿಡುತ್ತದೆ. ನ್ಯೂ ಮೆಟಲ್ ಕೇಳುವಾಗ ಕಿವಿ ಇಡಬೇಕಾದ್ದು ಅಲ್ಲಿ. ಇದನ್ನು ಬಿಟ್ಟು ಸೋಲೋ ಎಲ್ಲಿ ಅಂತ ಕೇಳೋದು ತಬಲಾ ಕಛೇರಿಗೆ ಹೋಗಿ ಆಲಾಪ ಯಾವಾಗ ಅಂತ ಕೇಳಿದ ಹಾಗೆ.

ರ‍್ಯಾಪ್ ಸೇರಿಸಿದ್ದಕ್ಕೆ ಕೆಟ್ಟಿತು ಅನ್ನೋರಿಗೆ ಒಂದು ನೆನಪು. ಆಂಥ್ರಾಕ್ಸ್ ಅಂಥ ಅಪ್ಪಟ ಥ್ರ್ಯಾಶ್ ಬ್ಯಾಂಡೇ 1991ರಲ್ಲಿ ರ‍್ಯಾಪ್ ತಂಡ ಪಬ್ಲಿಕ್ ಎನಿಮಿ ಜೊತೆ ಸೇರಿ ಹಾಡಿತ್ತು. ಫೇತ್ ನೋ ಮೋರ್ ಬ್ಯಾಂಡ್ ಅದಕ್ಕೂ ಮುಂಚೆಯೇ ರ‍್ಯಾಪ್ ಬೆರೆಸಿತ್ತು.

ಹುಬ್ಬಳ್ಳಿ_ಡ್ರಮ್ಸ್:

ತಾಳದ ಮಾತು ಒಪ್ಪುತ್ತೇನೆ, ನಾನೂ ಡ್ರಮ್ಸ್ ಬಾರಿಸುವವನೇ. ಆದರೆ ಎಲ್ಲಾ ಬ್ಯಾಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 1994ರಿಂದ 1997ರ ತನಕ ಬಂದದ್ದು ಒಂದು ಥರ, 2000ದ ನಂತರ ಬಂದದ್ದು ಇನ್ನೊಂದು ಥರ. ಲಿಂಪ್ ಬಿಜ್ಕಿಟ್‌ನ 2000ದ ಆಲ್ಬಮ್ ಅಮೆರಿಕದಲ್ಲಿ ಮೊದಲ ವಾರವೇ 10 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅದಾದ ಮೇಲೆ ಲೇಬಲ್‌ಗಳು (ರೆಕಾರ್ಡ್ ಕಂಪನಿಗಳು) ಸಿಕ್ಕಸಿಕ್ಕವರಿಗೆ ಸಹಿ ಹಾಕಿಸಿದವು. ಮೆಲ್ಲಗೆ ಪಿಸುಗುಡುವ ಚರಣ, ಕಿರುಚುವ ಪಲ್ಲವಿ, ನಡುವೆ ಸ್ವಲ್ಪ ಸ್ಕ್ರ್ಯಾಚಿಂಗ್, ಅಂದರೆ ಡಿಜೆ ರೆಕಾರ್ಡ್ ಉಜ್ಜಿ ಹೊರಡಿಸುವ ಸದ್ದು. ಒಂದು ಬ್ಯಾಂಡ್‌ಗೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯದ ಹಾಗಾಯಿತು.

ಇನ್ನೊಂದು ಮಾತು ಹೇಳಲೇಬೇಕು. 1999ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಊರಿನಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತ ಉತ್ಸವ, ಕಾರ್ನ್, ಲಿಂಪ್ ಬಿಜ್ಕಿಟ್ ಎರಡೂ ನುಡಿಸಿದ್ದು. ಸುಡುಬಿಸಿಲು, ದುಬಾರಿ ನೀರು, ಕೆಟ್ಟ ವ್ಯವಸ್ಥೆ ಎಲ್ಲಾ ಇತ್ತು, ಬೆಂಕಿ ಬಿತ್ತು, ಅದನ್ನೆಲ್ಲ ಬ್ಯಾಂಡ್‌ಗಳ ತಲೆಗೆ ಕಟ್ಟೋಕಾಗಲ್ಲ. ಆದರೆ ಹೆಣ್ಣುಮಕ್ಕಳ ಮೇಲೆ ಅಲ್ಲಿ ಅತ್ಯಾಚಾರ, ದೌರ್ಜನ್ಯ ನಡೆದ ದೂರುಗಳು ಬಂದವು. ಆ ಕಾಲದ ಎಷ್ಟೋ ಹಾಡುಗಳಲ್ಲಿ ಹೆಣ್ಣಿನ ಬಗ್ಗೆ ಇದ್ದ ಭಾಷೆ ಇವತ್ತು ಕೇಳೋಕೆ ಆಗಲ್ಲ. ಮತ್ತೆ ಕೇಳುವಾಗ ಇದನ್ನು ಬದಿಗಿಟ್ಟು ಕೇಳಬಾರದು ಅಂತ ನನ್ನ ಅಭಿಪ್ರಾಯ.

ಶಾಲ್ಮಲಾ:

ಹುಬ್ಬಳ್ಳಿಯವರು ಹೇಳಿದ್ದು ಸರಿ. ಆದರೆ ನಕಲು ಜಾಸ್ತಿ ಆಯಿತು ಅಂತ ಇಡೀ ಪ್ರಕಾರವನ್ನೇ ಹೊರಗೆ ಹಾಕೋದಾದರೆ 80ರ ದಶಕದ ಗ್ಲ್ಯಾಮ್ ಮೆಟಲ್ ಕಥೆ ಏನು? ಅಲ್ಲೂ ಲೇಬಲ್‌ಗಳು ಹಾಗೇ ಮಾಡಿದ್ದವು.

ನನ್ನನ್ನು ಈ ಸಂಗೀತ ಹಿಡಿದಿಟ್ಟಿದ್ದು ಮಾತಿನಿಂದ. ಅದಕ್ಕೂ ಮುಂಚೆ ನಾನು ಕೇಳಿದ ಮೆಟಲ್‌ನಲ್ಲಿ ಯುದ್ಧ, ಸೈತಾನ, ಪುರಾಣ, ಸಾವು ಇರುತ್ತಿತ್ತು. ಕಾರ್ನ್‌ನ ಆ ಮೊದಲ ಆಲ್ಬಮ್‌ನ ಕೊನೆಯ ಹಾಡಿನಲ್ಲಿ ಡೇವಿಸ್ ಚಿಕ್ಕಂದಿನಲ್ಲಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಹಾಡುತ್ತಾರೆ. ಹಾಡುತ್ತಾ ಹಾಡುತ್ತಾ ಕುಸಿದು ಅಳೋಕೆ ಶುರು ಮಾಡುತ್ತಾರೆ. ಅದು ನಟನೆ ಅಲ್ಲ. ನಿರ್ಮಾಪಕ ರಾಸ್ ರಾಬಿನ್‌ಸನ್ ರೆಕಾರ್ಡಿಂಗ್ ನಿಲ್ಲಿಸಲಿಲ್ಲ, ಬ್ಯಾಂಡ್ ನುಡಿಸೋದನ್ನು ಬಿಡಲಿಲ್ಲ, ಹಾಡು ಮುಗಿದ ಮೇಲೂ ಅಳು ಕೇಳುತ್ತಲೇ ಇರುತ್ತದೆ. ಒಬ್ಬ ಗಂಡಸು ಮೈಕ್ ಮುಂದೆ ಹೀಗೆ ಒಡೆದುಹೋಗೋದನ್ನು ಮೆಟಲ್ ಕೇಳುವ ಹುಡುಗರು ಅದುವರೆಗೆ ಎಲ್ಲಿ ಕೇಳಿದ್ದರು? ಲಿಂಕಿನ್ ಪಾರ್ಕ್‌ನ ಚೆಸ್ಟರ್ ಬೆನಿಂಗ್‌ಟನ್ ಹಾಡಿದ್ದೂ ಇಂಥ ನೋವನ್ನೇ. 2017ರಲ್ಲಿ ಅವರು ತೀರಿಕೊಂಡಾಗ ಎಷ್ಟು ಜನ ಅತ್ತರು ಅಂತ ನೆನಪಿರಬಹುದು.

ಸಿಸ್ಟಮ್ ಆಫ್ ಎ ಡೌನ್ ಅನ್ನೂ ಮರೆಯಬೇಡಿ. ನಾಲ್ವರೂ ಅರ್ಮೇನಿಯನ್ ಮೂಲದವರು. ಅರ್ಮೇನಿಯನ್ನರ ನರಮೇಧದ ಬಗ್ಗೆ ಮೊದಲ ಆಲ್ಬಮ್‌ನಲ್ಲೇ ಹಾಡಿದರು. 2001ರ ಸೆಪ್ಟೆಂಬರ್‌ನಲ್ಲಿ ಅವರ ಎರಡನೇ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇಂಥವರನ್ನು ಸುಮ್ನೆ ಟಿವಿ ಬ್ಯಾಂಡ್ ಅಂತ ತಳ್ಳಿಹಾಕೋಕೆ ಮನಸ್ಸಾದರೂ ಹೇಗೆ ಬರುತ್ತದೆ?

ಹಳೇ_ಕ್ಯಾಸೆಟ್:

ಆ ಕೊನೆಯ ಹಾಡು ಈಗ ತಾನೇ ಕೇಳಿದೆ. ಮತ್ತೆ ಹಾಕೋಕೆ ಧೈರ್ಯ ಬರಲಿಲ್ಲ.

ಇನ್ನೊಂದು ಪ್ರಶ್ನೆ. ಇದು ಬೇರೆ ಮೆಟಲ್‌ಗೆ ಏನಾದರೂ ಕೊಟ್ಟಿದೆಯಾ, ಇಲ್ಲ ಬಂದು ಹಾಗೇ ಹೋಯಿತಾ? ಶುರು ಮಾಡೋಕೆ ಯಾವುದು ಕೇಳಲಿ ಅಂತಲೂ ಹೇಳಿ.

ಏಳನೇ_ತಂತಿ:

ಕೊಟ್ಟಿದ್ದು ಬಹಳ. ಬ್ರೆಜಿಲ್‌ನ ಸೆಪಲ್ಟುರಾ 1996ರ 'ರೂಟ್ಸ್' ಆಲ್ಬಮ್‌ಗೆ ರಾಬಿನ್‌ಸನ್ ಹತ್ತಿರವೇ ಹೋಯಿತು, ಕಾರ್ನ್ ರೆಕಾರ್ಡ್ ಮಾಡಿದ ಇಂಡಿಗೊ ರ‍್ಯಾಂಚ್ ಸ್ಟುಡಿಯೋದಲ್ಲೇ. ಒಂದು ಹಾಡಿನಲ್ಲಿ ಡೇವಿಸ್ ಮತ್ತು ಲಿಂಪ್ ಬಿಜ್ಕಿಟ್‌ನ ಡಿಜೆ ಲೀಥಲ್ ಕೂಡ ಇದ್ದಾರೆ. ಅದೇ ಆಲ್ಬಮ್‌ನಲ್ಲಿ ಬ್ರೆಜಿಲ್‌ನ ಶವಾಂತೆ ಬುಡಕಟ್ಟಿನವರ ಹಾಡೂ ಇದೆ. ಆ ಆಲ್ಬಮ್ ಅನ್ನು ಮೆಟಲ್ ಅಲ್ಲ ಅನ್ನೋರು ಕಡಿಮೆ. 2003ರಲ್ಲಿ ಮೆಟಾಲಿಕಾ ಒಂದೂ ಗಿಟಾರ್ ಸೋಲೋ ಇಲ್ಲದ ಆಲ್ಬಮ್ ಮಾಡಿತು. ನ್ಯೂ ಮೆಟಲ್ ಇರದಿದ್ದರೆ ಅವರು ಹಾಗೆ ಯೋಚಿಸುತ್ತಿದ್ದರು ಅಂತ ನನಗನಿಸಲ್ಲ. ಇವತ್ತು ಏಳು, ಎಂಟು ತಂತಿಯ ಗಿಟಾರ್ ಹಿಡಿದ ಹುಡುಗರು ಎಲ್ಲೆಲ್ಲೂ ಇದ್ದಾರಲ್ಲ, ಅವರಲ್ಲಿ ಎಷ್ಟೋ ಜನ ಆ ಸದ್ದು ಮೊದಲು ಕೇಳಿದ್ದು ಕಾರ್ನ್‌ನಿಂದಲೇ.

ನಮ್ಮ ದೇಶದಲ್ಲೇ ನೋಡಿ. ದೆಹಲಿಯ ಬ್ಲಡಿವುಡ್ ಢೋಲ್ ಬಾರಿಸಿ, ಹಿಂದಿ, ಪಂಜಾಬಿ, ಇಂಗ್ಲಿಷ್‌ನಲ್ಲಿ ಹಾಡಿ, ರ‍್ಯಾಪ್ ಮಾಡಿ 2019ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದ ವೇದಿಕೆ ಹತ್ತಿತು. ನ್ಯೂ ಮೆಟಲ್ ತೆರೆದ ಬಾಗಿಲಿನಿಂದಲೇ ಅವರು ಬಂದಿದ್ದು.

ಕೇಳೋಕೆ ಡೆಫ್ಟೋನ್ಸ್‌ನ 'ವೈಟ್ ಪೋನಿ' ಮೊದಲು ತಗೊಳ್ಳಿ. 2000ದಲ್ಲಿ ಬಂದಿದ್ದು, ಅದರ ಒಂದು ಹಾಡಿಗೆ ಮರುವರ್ಷ ಮೆಟಲ್ ವಿಭಾಗದಲ್ಲೇ ಗ್ರ್ಯಾಮಿ ಬಂತು. ಆಮೇಲೆ ಸ್ಲಿಪ್‌ನಾಟ್‌ನ 1999ರ ಮೊದಲ ಆಲ್ಬಮ್. ಬಾಸ್ ಎದ್ದು ಕೇಳುವ ಮೇಡನ್ ಕೇಳಿ ಬೆಳೆದವರಾದ್ದರಿಂದ ನಿಮಗೆ ಮಡ್‌ವೇನ್ ಹಿಡಿಸಬಹುದು. ಅವರ 'ಎಲ್.ಡಿ. 50' ಹಾಕಿ, ರಯಾನ್ ಮಾರ್ಟಿನಿಯ ಬಾಸ್ ಕಡೆಗಷ್ಟೇ ಕಿವಿ ಇಡಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಹೆಡ್‌ಫೋನ್‌ನಲ್ಲೇ ಕೇಳಿ, ಇಲ್ಲದಿದ್ದರೆ ಅರ್ಧ ಕೈಚಳಕ ಕಿವಿಗೇ ಬೀಳಲ್ಲ.